ಊರ ಕಸ, ನಮ್ಮ ತಲೆ

ನಾನು ಬಿ.ಎ.ಯಲ್ಲಿ ಚರಿತ್ರೆ ಓದಿದವನು. ಗುಪ್ತರ ಸುವರ್ಣಯುಗ ಓದಿದೆ. ವಿಜಯನಗರದ ಬೀದಿಯಲ್ಲಿ ಮುತ್ತುರತ್ನ ಮಾರುತ್ತಿದ್ದರು ಅಂತ ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಎಂಟು ತಗೊಂಡೆ. ಆ ಬೀದಿಯನ್ನು ಬೆಳಗಿನ ಜಾವ ಯಾರು ಗುಡಿಸುತ್ತಿದ್ದರು ಅಂತ ಪುಸ್ತಕದಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೇ ಇಲ್ಲ. ನಮ್ಮವ್ವ ದಿನಾ ನಾಲ್ಕೂವರೆಗೆ ಎದ್ದು, ಪೊರಕೆ ಹಿಡಿದು, ತಾಲ್ಲೂಕು ಕೇಂದ್ರದ ಬಜಾರು ಬೀದಿ ಗುಡಿಸೋಕೆ ಹೋಗ್ತಿದ್ದಳು. ಅದನ್ನು ನೋಡ್ಕೊಂಡೇ ನಾನು ವಿಜಯನಗರವನ್ನು ಉರು ಹೊಡೀತಿದ್ದೆ.

ಅಜ್ಜಿಗೆ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ವಯಸ್ಸಾಗಿ ಉದುರಿದ್ದು ಅಂದ್ಕೊಂಡಿದ್ದೆ. ಡಿಗ್ರಿ ಮುಗಿಸಿದ ವರ್ಷ ಕೇಳಿದೆ. "ಬುಟ್ಟಿ ಹೊತ್ತು ಹೋದದ್ದು ಕಣಪ್ಪ" ಅಂದಳು. ಯಾವ ಬುಟ್ಟಿ ಅಂತ ಕೇಳೋ ಹೊತ್ತಿಗೆ ನನಗೇ ಗೊತ್ತಾಗಿತ್ತು. "ಮಳೆಗಾಲದಲ್ಲಿ ಸೋರೋದು. ಬಾಯಿ ಮುಚ್ಕೊಂಡು ನಡೀಬೇಕು. ಮಾತಾಡಂಗಿಲ್ಲ." ಅಷ್ಟರಲ್ಲಿ ಅವ್ವ ಒಳಗಿಂದ, "ಓದಿರೋ ಮಗೀಗೆ ಅದೆಲ್ಲ ಯಾಕೆ ಹೇಳ್ತೀಯ" ಅಂತ ಗದರಿದಳು. ಅಲ್ಲಿಗೆ ಮಾತು ನಿಂತಿತು.

ಬಾಯಿ ಮುಚ್ಕೊಂಡು ನಡೆದವರ ಚರಿತ್ರೆ ಇದು. ಇದನ್ನು ಬರೆಯೋಕೆ ನಮಗೆ ತಾಳೆಗರಿ ಇಲ್ಲ, ತಾಮ್ರಶಾಸನ ಇಲ್ಲ. ಪುರಸಭೆಯ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟುಗಳಿವೆ. ಕಾಯ್ದೆಗಳಿವೆ, ಸಮಿತಿಗಳ ವರದಿಗಳಿವೆ. ಅವನ್ನೇ ಹಿಡಿದುಕೊಂಡು ಒಂದು ಪ್ರಶ್ನೆ ಕೇಳಬೇಕಾಗಿದೆ. ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆವರೆಗೆ ಈಗ 'ಸಮುದಾಯದ ಸಹಭಾಗಿತ್ವದಲ್ಲಿ ಘನತ್ಯಾಜ್ಯ ನಿರ್ವಹಣೆ' ಅನ್ನೋ ಮಾತು ಕೇಳ್ತಾ ಇದ್ದೇವೆ. ಕಸಕ್ಕೆ 'ಘನ' ಅನ್ನೋ ಪದವಿ ಸಿಕ್ಕಿದೆ. ಸಂತೋಷ. ಆದರೆ ಈ ಸಮುದಾಯ ಅಂದ್ರೆ ಯಾರು? ಕಸ ಹಾಕೋರಾ, ಎತ್ತೋರಾ?

ಹಳ್ಳಿಯಿಂದಲೇ ಶುರು ಮಾಡೋಣ. ಹಿಂದೆ ಹಳ್ಳಿಯಲ್ಲಿ ಕಸ ಅನ್ನೋದೇ ಇರಲಿಲ್ಲ, ಎಲ್ಲಾ ತಿಪ್ಪೆಗೆ ಹೋಗಿ ಗೊಬ್ಬರವಾಗ್ತಿತ್ತು ಅಂತ ಹಿರಿಯರು ಹೇಳ್ತಾರೆ. ಅರ್ಧ ನಿಜ. ಸಗಣಿ, ಬೂದಿ, ಕೊಟ್ಟಿಗೆಯ ಹುಲ್ಲುಕಸ ತಿಪ್ಪೆ ಸೇರಿ, ಮಳೆಗೆ ಮುಂಚೆ ಗಾಡಿಯೇರಿ ಹೊಲಕ್ಕೆ ಹೋಗ್ತಿತ್ತು. ತಿಪ್ಪೆ ಅನ್ನೋದು ಒಡೆಯನ ಆಸ್ತಿ, ಅಣ್ಣತಮ್ಮಂದಿರು ಪಾಲಾಗುವಾಗ ತಿಪ್ಪೆಗುಂಡಿಯೂ ಪಾಲಾಗ್ತಿತ್ತು. ಆದರೆ ಸತ್ತ ದನ ತಿಪ್ಪೆಗೆ ಹೋಗ್ತಿರಲಿಲ್ಲ. ಅದನ್ನು ಎಳೆಯೋಕೆ ಕೇರಿಗೆ ಕರೆ ಬರ್ತಿತ್ತು. ಅಂದರೆ ಗೊಬ್ಬರವಾಗುವ ಕಸ ಒಡೆಯನಿಗೆ, ನಾರುವ ಕಸ ಹೊಲಗೇರಿ ಮಾದಿಗಗೇರಿಗೆ.

ಇದನ್ನು ಅಂದಿನ ಸ್ಥಳೀಯ ಆಡಳಿತ ಅಂತಲೇ ಕರೆಯಬೇಕು. ಗೌಡ, ಶಾನುಭೋಗ ಮೇಲೆ. ತಳವಾರ, ತೋಟಿ, ನೀರಗಂಟಿ ಕೆಳಗೆ. ಆಯಗಾರರ ಪಟ್ಟಿಯಲ್ಲಿ ನಮಗೂ ಒಂದು ಜಾಗ ಇತ್ತು, ಇಲ್ಲ ಅನ್ನಲ್ಲ. ಕಣದಲ್ಲಿ ಕೊನೆಗುಳಿದ ಕಾಳು ನಮಗೆ. ಇನಾಮು ಅಂತ ಕೊಟ್ಟ ತುಂಡು ಭೂಮಿಗೆ ತಲೆತಲಾಂತರದ ಬಿಟ್ಟಿ ಅಂಟಿಕೊಂಡಿತ್ತು. ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ, ಸತ್ತ ದನ ಎಳೆಯೋದನ್ನು ಬಿಡಿ, ಅದರ ಮಾಂಸ ತಿನ್ನೋದನ್ನು ಬಿಡಿ ಅಂದರು. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡೋ ಕಾಯ್ದೆ ನಮ್ಮ ರಾಜ್ಯದಲ್ಲಿ ಆದದ್ದು 1961ರಲ್ಲಿ. ಹುದ್ದೆ ಹೋಯ್ತು, ಕರೆಯೋದು ನಿಲ್ಲಲಿಲ್ಲ. 'ಎಳೆಯಲ್ಲ' ಅಂದ ಕೇರಿಗಳಿಗೆ ನೀರು, ಕೂಲಿ, ಅಂಗಡಿ ಸಾಮಾನು ನಿಂತ ಕತೆಗಳನ್ನು ಈ ಪತ್ರಿಕೆ ಓದೋರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋದರೆ ಜಾತಿ ಕಳೆಯುತ್ತೆ ಅಂತ ಒಂದು ನಂಬಿಕೆ ಇದೆ. ಪಟ್ಟಣದಲ್ಲಿ ನಮಗಾಗಿ ಕಾದಿದ್ದದ್ದು ಮುನಿಸಿಪಾಲಿಟಿ.

1850ರ ಪಟ್ಟಣ ಸುಧಾರಣೆ ಕಾಯ್ದೆಯ ಪ್ರಕಾರ 1862ರಲ್ಲಿ ಬೆಂಗಳೂರಿನಲ್ಲಿ ಎರಡು ಮುನಿಸಿಪಲ್ ಬೋರ್ಡುಗಳಾದವು. ಒಂದು ಪೇಟೆಗೆ, ಇನ್ನೊಂದು ದಂಡಿಗೆ. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. ಅದನ್ನೇ ನಾವು ಪ್ರಜಾಪ್ರಭುತ್ವದ ಮೊದಲ ಪಾಠ ಅಂತ ಓದುತ್ತೇವೆ. ಆ ಪಾಠ ಕಲಿತವರು ಯಾರು? ತೆರಿಗೆ ಕಟ್ಟುವಷ್ಟು ಆಸ್ತಿ ಇದ್ದೋರು, ಅರ್ಜಿ ಬರೆಯುವಷ್ಟು ಅಕ್ಷರ ಇದ್ದೋರು. ಬೋರ್ಡಿನ ಮುಖ್ಯ ಕೆಲಸ ದೀಪ, ನೀರು, ರಸ್ತೆ, ನೈರ್ಮಲ್ಯ. ಮೊದಲ ಮೂರಕ್ಕೆ ಹಣ ಬೇಕಿತ್ತು. ನಾಲ್ಕನೆಯದಕ್ಕೆ ಜಾತಿ ಸಾಕಿತ್ತು. ಬೋರ್ಡಿನ ಮೇಜಿನ ಸುತ್ತ ಒಂದು ಜಾತಿಯೋರು, ಬೋರ್ಡಿನ ಗಾಡಿಯ ಹಿಂದೆ ಇನ್ನೊಂದು ಜಾತಿಯೋರು. ನಮ್ಮಲ್ಲಿ ಸ್ಥಳೀಯ ಆಡಳಿತ ಹುಟ್ಟಿದ್ದೇ ಹೀಗೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆಗಸ್ಟಿನಲ್ಲಿ ಶುರುವಾದದ್ದು ಊರನ್ನೇ ಖಾಲಿ ಮಾಡಿಸಿತು. ಇಲಿ, ಕೊಳಕು, ಇಕ್ಕಟ್ಟು ಬೀದಿ ಕಾರಣ ಅಂತ ತಿಳಿದ ಮೇಲೆ ಅಗಲ ರಸ್ತೆಯ, ಗಾಳಿಬೆಳಕಿನ ಹೊಸ ಬಡಾವಣೆಗಳು ಬೆಳೆದವು — ಮಲ್ಲೇಶ್ವರ, ಬಸವನಗುಡಿ. ಇವತ್ತಿಗೂ ಅಲ್ಲಿ ಹೋದರೆ ಮನೆಸಾಲುಗಳ ಹಿಂದೆ ಸಣ್ಣ ಗಲ್ಲಿಗಳು ಕಾಣ್ತವೆ. ಕನ್ಸರ್ವೆನ್ಸಿ ಗಲ್ಲಿ ಅಂತ ಹೆಸರು. ಮಲ ಬಳಿಯೋರು ಮುಂದಿನ ರಸ್ತೆಯಲ್ಲಿ ಕಾಣಿಸಿಕೊಳ್ಳದ ಹಾಗೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗೋಕೆ ಮಾಡಿದ ದಾರಿ ಅದು. ಇಂಜಿನಿಯರು ನಕ್ಷೆ ಬರೆದ, ಡಾಕ್ಟರು ಒಪ್ಪಿದ. ಹಳ್ಳಿಯಲ್ಲಿ ಊರಾಚೆ ಕೇರಿ ಇತ್ತು, ಹೊಸ ಬಡಾವಣೆಯಲ್ಲಿ ಮನೆ ಹಿಂದೆ ಗಲ್ಲಿ ಬಂತು. ವೈದ್ಯಶಾಸ್ತ್ರವೂ ಮನುಶಾಸ್ತ್ರವೂ ಅಲ್ಲಿ ಒಂದಾಗಿದ್ದವು.

ನಮ್ಮಂಥ ಮನೆಗಳು ಈ ಊರುಗಳಿಗೆ ಬಂದದ್ದೂ ಆ ಸುತ್ತಮುತ್ತಲ ಕಾಲದಲ್ಲೇ. ಮನೇಲಿ ತೆಲುಗು, ಬೀದೀಲಿ ಕನ್ನಡ — ರಾಜ್ಯದ ಎಷ್ಟೋ ಪೌರಕಾರ್ಮಿಕರ ಕೇರಿಗಳಲ್ಲಿ ಹೀಗೇ. ಬರಗಾಲದಲ್ಲಿ ಆಂಧ್ರದ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಮಾದಿಗರ ಮಕ್ಕಳು ನಾವು. ಮುನಿಸಿಪಾಲಿಟಿ ಕೆಲಸ ಕೊಟ್ಟಿತು. ಒಮ್ಮೆ ಬುಟ್ಟಿ ಮುಟ್ಟಿದ ಮೇಲೆ ಬೇರೆ ಕೆಲಸ ಯಾರೂ ಕೊಡಲಿಲ್ಲ. ಹೋಟೆಲಿಗೆ ಸೇರಿಸಲಿಲ್ಲ, ಮನೆ ಬಾಡಿಗೆಗೆ ಕೊಡಲಿಲ್ಲ. ಹಾಗಾಗಿ ಕೆಲಸ ಬಿಡೋ ಹಾಗೂ ಇರಲಿಲ್ಲ.

ಬಿಡೋಕೆ ಕಾನೂನೂ ಬಿಡ್ತಿರಲಿಲ್ಲ. ಇದು ಮೈಸೂರು ಸೀಮೆಯ ಮಾತು ಮಾತ್ರ ಅಲ್ಲ, ದೇಶದ ಮಾತು. ಉತ್ತರದ ಸಂಯುಕ್ತ ಪ್ರಾಂತ್ಯದ 1916ರ ಪುರಸಭಾ ಕಾಯ್ದೆ ನೋಡಿ: ಮುಂಚೆ ತಿಳಿಸದೆ ಕೆಲಸ ಬಿಟ್ಟ ಜಾಡಮಾಲಿಗೆ ಎರಡು ತಿಂಗಳವರೆಗೆ ಜೈಲು. ಗುಮಾಸ್ತ ಕೆಲಸ ಬಿಟ್ಟರೆ ಸಂಬಳ ಹೋಗುತ್ತೆ, ಜಾಡಮಾಲಿ ಬಿಟ್ಟರೆ ಜೈಲಿಗೆ ಹೋಗ್ತಾನೆ. ಗಾಂಧೀಜಿ ಕಕ್ಕಸು ತೊಳೆಯೋ ಕೆಲಸವನ್ನು ತಾಯಿಯ ಸೇವೆಗೆ ಹೋಲಿಸಿ ಕೊಂಡಾಡಿದರು, ತಾವೂ ತೊಳೆದರು. ಅವರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸಲ್ಲ. ಆದರೆ ಅಂಬೇಡ್ಕರರ ಸಿಟ್ಟು ನಮಗೆ ಅರ್ಥವಾಗುತ್ತೆ. ತನಗೆ ಬೇಕಾದಾಗ ಪೊರಕೆ ಹಿಡಿಯೋನೂ, ಬೇಡವಾದಾಗ ಕೆಳಗಿಡಲಾಗದೋನೂ ಒಂದೇ ಅಲ್ಲ. ಒಬ್ಬನಿಗೆ ಅದು ವ್ರತ, ಇನ್ನೊಬ್ಬನಿಗೆ ಹಣೆಬರಹ ಅಂತ ಹೇಳಿಕೊಟ್ಟದ್ದು.

ಸ್ವಾತಂತ್ರ್ಯ ಬಂತು. ಸಮಿತಿಗಳು ಬಂದವು. 1949ರಲ್ಲಿ ಮುಂಬಯಿ ಸರ್ಕಾರ ಬರ್ವೆ ಸಮಿತಿ ನೇಮಿಸಿತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಬಿಜಾಪುರ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. 1952ರಲ್ಲಿ ವರದಿ ಬಂತು. ಆಮೇಲೆ ದೇಶಕ್ಕೆಲ್ಲ ಮಲ್ಕಾನಿ ಸಮಿತಿ, 1960ರಲ್ಲಿ ಅದರ ವರದಿ. ತಲೆ ಮೇಲಿನ ಬುಟ್ಟಿ ಇಳಿಸಿ, ಕೈಗಾಡಿ ಕೊಡಿ ಅಂತ ಶಿಫಾರಸು. ನೋಡಿ, ಕೆಲಸ ಬಿಡಿಸಿ ಅನ್ನಲಿಲ್ಲ, ಗಾಡಿ ಕೊಡಿ ಅಂದರು. ಕೈಗಾಡಿಗೂ ಎಷ್ಟೋ ಪುರಸಭೆಗಳ ಬಳಿ ದುಡ್ಡಿರಲಿಲ್ಲ.

ಇದೇ ಹೊತ್ತಿನ ಇನ್ನೊಂದು ಕತೆ ಹೇಳಬೇಕು. 1939ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ಎನ್. ಆಚಾರ್ಯ ಅನ್ನೋ ವಿಜ್ಞಾನಿ ಊರ ಕಸದಿಂದ ಗೊಬ್ಬರ ಮಾಡೋ ಒಂದು ವಿಧಾನ ಕಂಡುಹಿಡಿದರು. ಗುಂಡಿ ತೋಡಿ, ಒಂದು ಪದರ ಪಟ್ಟಣದ ಕಸ, ಅದರ ಮೇಲೊಂದು ಪದರ ಮಲ, ಮತ್ತೆ ಕಸ, ಮತ್ತೆ ಮಲ. ಹೀಗೆ ತುಂಬಿ ಮೇಲೆ ಮಣ್ಣು ಮುಚ್ಚಬೇಕು. ಮಗುಚೋ ಕೆಲಸ ಇಲ್ಲ, ನೀರು ಹಾಕೋ ಕೆಲಸ ಇಲ್ಲ, ಆರೆಂಟು ತಿಂಗಳಿಗೆ ಒಳ್ಳೇ ಗೊಬ್ಬರ. 'ಬೆಂಗಳೂರು ಪದ್ಧತಿ' ಅಂತ ಇದು ಪ್ರಪಂಚದ ಪುಸ್ತಕಗಳಲ್ಲಿ ಸೇರಿದೆ. ನಿಜಕ್ಕೂ ಒಳ್ಳೇ ವಿಜ್ಞಾನ. ಊರಿನ ಹೊಲಸು ಹೊಲಕ್ಕೆ ವಾಪಸ್ಸಾಗಬೇಕು ಅನ್ನೋದು ರೈತನ ವಿವೇಕವೇ. ಆದರೆ ಆ ಎರಡನೇ ಪದರವನ್ನು ಗುಂಡಿವರೆಗೆ ತಂದೋರು ಯಾರು? ಪುಸ್ತಕದಲ್ಲಿ ಗುಂಡಿಯ ಅಳತೆ ಇದೆ, ಪದರದ ದಪ್ಪ ಇದೆ. ಬುಟ್ಟಿ ಹೊತ್ತ ತಲೆಯ ಲೆಕ್ಕ ಇಲ್ಲ.

ಆ ಬುಟ್ಟಿ ಇಳಿಸಿದ್ದು ನಮ್ಮವರೇ. 1970ರ ದಶಕದ ಮೊದಲಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ನೋಡ್ತಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸಿ ಅಂತ ಆಜ್ಞೆ ಮಾಡಿಸಿದರು. ಮೂರು ತಲೆಮಾರಿನ ಸಮಿತಿಗಳು ಮಾಡದ್ದನ್ನು ಒಬ್ಬ ದಲಿತ ಮಂತ್ರಿ ಕುರ್ಚಿ ಸಿಕ್ಕ ತಕ್ಷಣ ಮಾಡಿದ. 1973ರ ನವೆಂಬರಿನಲ್ಲಿ ಅದೇ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು, ರಾಜ್ಯವೇ ಹೊತ್ತಿಕೊಂಡಿತು, ಮಂತ್ರಿಗಿರಿ ಹೋಯಿತು. ಆ ಬೆಂಕಿಯಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯೂ ಬಂತು. ನಾವು ಬರೆಯೋರು ಬೂಸಾ ಪ್ರಕರಣವನ್ನು ನೂರು ಸಲ ನೆನೆದಿದ್ದೇವೆ. ಅದಕ್ಕೆ ಮುಂಚೆ ಇಳಿಸಿದ ಬುಟ್ಟಿಯನ್ನು ಎಷ್ಟು ಸಲ ನೆನೆದಿದ್ದೇವೆ? ಈ ತಪ್ಪು ನಮ್ಮದು. ಅಜ್ಜಿಗೆ ಬೂಸಾ ಗಲಾಟೆ ಗೊತ್ತಿಲ್ಲ. ಬಸವಲಿಂಗಪ್ಪ ಅನ್ನೋ ಹೆಸರು ಗೊತ್ತು.

ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಜಾಡಮಾಲಿಗಳ ಬದುಕು, ಕೆಲಸ ಎರಡನ್ನೂ ನೋಡಿ 1976ರಲ್ಲಿ ವರದಿ ಕೊಟ್ಟಿತು. ಪೌರಕಾರ್ಮಿಕ ಅನ್ನೋ ಮರ್ಯಾದೆಯ ಹೆಸರು ಚಾಲ್ತಿಗೆ ಬಂದದ್ದೂ ಆ ಕಾಲದಲ್ಲೇ. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಅಂತ ಸಮಿತಿ ಲೆಕ್ಕ ಹೇಳಿತು. ಆಮೇಲಿನ ಸರ್ಕಾರಗಳು ಅದನ್ನು 700 ಜನಕ್ಕೆ ಒಬ್ಬರು ಅಂತ ಎಳೆದವು. ಕಾಗದದ ಮೇಲೆ ಇದು ಸಣ್ಣ ತಿದ್ದುಪಡಿ. ಒಂದು ಲಕ್ಷ ಜನರ ಊರಿಗೆ ಲೆಕ್ಕ ಹಾಕಿ: 500ಕ್ಕೊಬ್ಬರಾದರೆ 200 ಜನ ಬೇಕು, 700ಕ್ಕೊಬ್ಬರಾದರೆ 143 ಸಾಕು. ಉಳಿದ 57 ಜನರ ಬೀದಿಗಳನ್ನು ಗಾಳಿ ಗುಡಿಸಲ್ಲ. ಅದೇ 143 ಸೊಂಟಗಳು ಗುಡಿಸಬೇಕು.

ಆಜ್ಞೆ ಹೊರಟರೆ ಪದ್ಧತಿ ಸಾಯುತ್ತೆ ಅಂದ್ಕೊಂಡರೆ ಕೋಲಾರದ ಚಿನ್ನದ ಗಣಿ ಕಡೆ ನೋಡಬೇಕು. ಶಿವನಸಮುದ್ರದಿಂದ ಕೆ.ಜಿ.ಎಫ್.ಗೆ ವಿದ್ಯುತ್ ಬಂದದ್ದು 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ. ಭೂಮಿಯೊಳಗೆ ಮೈಲುಗಟ್ಟಲೆ ಇಳಿದು ಚಿನ್ನ ತೆಗೆಯೋ ಯಂತ್ರ ಇದ್ದ ಊರಿನಲ್ಲಿ, ಕಾರ್ಮಿಕರ ಲೈನುಗಳಲ್ಲಿ ಒಣ ಪಾಯಖಾನೆಗಳು 1990ರ ದಶಕದವರೆಗೂ ಇದ್ದವು. ಬಳಿಯೋರು ನಮ್ಮವರು. ಆ ಮನೆಗಳಲ್ಲೊಂದರಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ದೊಡ್ಡೋರಾದ ಮೇಲೆ, ತಮ್ಮವರು ಏನು ಮಾಡ್ತಾರೆ ಅಂತ ಕಣ್ಣಾರೆ ಕಂಡು ಪತ್ರ ಬರೆದರು, ಫೋಟೋ ಹೊರತಂದರು, ಆ ಪಾಯಖಾನೆಗಳನ್ನು ತೆಗೆಸಿದರು. 1994ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳು ಕನ್ನಡ ನಾಡಿನ ಮಗ ಅಂತ ಬರೆದವು. ಅದು ಸರಿಯೇ. ಆದರೆ ಬಸವಲಿಂಗಪ್ಪನವರ ಆಜ್ಞೆಯಾಗಿ ಇಪ್ಪತ್ತು ವರ್ಷದ ಮೇಲೂ ಅದೇ ನಾಡಿನಲ್ಲಿ ಅವರಿಗೆ ಈ ಕೆಲಸ ಯಾಕೆ ಉಳಿದಿತ್ತು ಅಂತ ಯಾರೂ ಕೇಳಿಕೊಳ್ಳಲಿಲ್ಲ.

1993ನೇ ಇಸವಿಯನ್ನು ನೆನಪಿಟ್ಟುಕೊಳ್ಳಿ. ಮಲ ಬಳಿಸೋದು ಅಪರಾಧ ಅಂತ ಕೇಂದ್ರ ಕಾಯ್ದೆ ಬಂದ ವರ್ಷ ಅದು. ಅದೇ ವರ್ಷ ಜೂನ್ 1ರಿಂದ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಹನ್ನೆರಡನೇ ಪರಿಚ್ಛೇದದಲ್ಲಿ ನಗರಸಭೆಗಳಿಗೆ ವಹಿಸಬಹುದಾದ 18 ಬಾಬತ್ತುಗಳಿವೆ. ಆರನೆಯದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆ. ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಆಯಿತು. ಮೀಸಲಾತಿಯಿಂದ ಕೇರಿಯ ಹೆಂಗಸರೂ ಸದಸ್ಯೆಯರಾದರು. ಇದು ಸಣ್ಣ ಮಾತಲ್ಲ.

ಆದರೆ ಇದೇ ಹೊತ್ತಿಗೆ, ಕುರ್ಚಿ ನಮಗೆ ಸಿಗೋ ಹೊತ್ತಿಗೆ ಸರಿಯಾಗಿ, ಕೆಲಸವನ್ನು ಪುರಸಭೆಯ ಹಾಜರಿ ಪುಸ್ತಕದಿಂದ ಕಿತ್ತು ಗುತ್ತಿಗೆದಾರನ ಜೇಬಿಗೆ ಹಾಕಿದರು. 'ಆರ್ಥಿಕ ಸುಧಾರಣೆ' ಅಂತ ಹೆಸರು. ಅಜ್ಜಿ ಹೊಲಸು ಹೊತ್ತರೂ ಪುರಸಭೆಯ ನೌಕರಳಾಗಿದ್ದಳು, ತಿಂಗಳ ಸಂಬಳ ಇತ್ತು, ನಿವೃತ್ತಿಯಾದಾಗ ಪಿಂಚಣಿ ಬಂತು. ನಾನು ಓದಿದ್ದು ಆ ಪಿಂಚಣಿಯಲ್ಲಿ. ಅವ್ವನಿಗೆ ಬುಟ್ಟಿ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ. ಅವಳ ಗುತ್ತಿಗೆದಾರ ಯಾರು ಅಂತ ಪುರಸಭೆಯನ್ನು ಕೇಳಿದರೆ ಟೆಂಡರ್ ಬದಲಾಗಿದೆ ಅನ್ನೋರು. ಗುತ್ತಿಗೆದಾರನನ್ನು ಕೇಳಿದರೆ ಪುರಸಭೆ ಬಿಲ್ಲು ಪಾಸು ಮಾಡಿಲ್ಲ ಅನ್ನೋನು. ಎರಡೆರಡು ತಿಂಗಳು ಸಂಬಳ ಇಲ್ಲ. ವರ್ಷಕ್ಕೊಂದು ಜೊತೆ ಕೈಗವಸು, ಅದೂ ಗಾಂಧಿ ಜಯಂತಿಗೆ, ಫೋಟೋ ತೆಗೆಯೋ ದಿನ. ನಮ್ಮ ವಾರ್ಡಿನ ಸದಸ್ಯರು ನಮ್ಮ ಜಾತಿಯವರೇ. ಅವರೂ "ಅದು ನನ್ನ ಕೈಲಿಲ್ಲಮ್ಮ, ಟೆಂಡರ್ ವಿಷ್ಯ" ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಕೈಯಲ್ಲಿ ನಿಜವಾಗ್ಲೂ ಇರಲಿಲ್ಲ. ಅಧಿಕಾರ ನಮ್ಮ ಬಾಗಿಲಿಗೆ ಬರೋ ಹೊತ್ತಿಗೆ ಒಳಗಿದ್ದದ್ದನ್ನು ಖಾಲಿ ಮಾಡಿ ಬರೀ ಪೆಟ್ಟಿಗೆ ಕೊಟ್ಟಿದ್ದರು.

ಪುರಸಭೆ ಅಂದ್ರೆ ನಮಗೆ ಏನು ಅನ್ನೋದನ್ನು 2010ರ ಜುಲೈ 20ರಂದು ಸವಣೂರಿನ ಭಂಗಿ ಸಮುದಾಯದವರು ರಾಜ್ಯಕ್ಕೇ ತೋರಿಸಿದರು. ತಲೆಮಾರುಗಳಿಂದ ಊರಿನ ಹೊಲಸು ಬಳಿದ ಆ ಬೆರಳೆಣಿಕೆ ಮನೆಗಳನ್ನು ಎಬ್ಬಿಸಿ ಅಂಗಡಿ ಮಳಿಗೆ ಕಟ್ಟೋಕೆ ಪುರಸಭೆ ಹೊರಟಿತ್ತು. ನೀರಿನ ಸಂಪರ್ಕ ಹೋಗಿತ್ತು. ಅರ್ಜಿ ಕೊಟ್ಟರು, ಬೇಡಿಕೊಂಡರು. ಕಡೆಗೆ ಪುರಸಭೆ ಕಚೇರಿ ಮುಂದೆ ನಿಂತು, ತಾವು ದಿನಾ ಬಳಿಯೋ ಅದೇ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ನಾಗರಿಕರು ಮೂಗು ಮುಚ್ಚಿಕೊಂಡರು, ಅಸಹ್ಯ ಅಂದರು. ಅದು ಅವರವರದೇ ಮಲ. ಅಷ್ಟು ದಿನ ಕಣ್ಣಿಗೆ ಬೀಳದ ಹಾಗೆ ಸಾಗಿಸಿದ್ದನ್ನು ಅವತ್ತು ಒಂದು ದಿನ ಸಾಗಿಸಲಿಲ್ಲ, ಅಷ್ಟೆ. ನಿಷೇಧವಾಗಿ ಮೂರೂವರೆ ದಶಕ ಕಳೆದ ಮೇಲೆ ನಡೆದದ್ದು ಇದು.

ಇನ್ನು ಕಸವೇ ಊರು ಬಿಟ್ಟು ಹೊರಟ ಕತೆ. ಪ್ಲಾಸ್ಟಿಕ್ ಬಂದ ಮೇಲೆ ಗೊಬ್ಬರದ ಗುಂಡಿಯ ವಿಜ್ಞಾನ ಹಿಂದೆ ಬಿತ್ತು. ಹಸಿ, ಒಣ, ಸೂಜಿ, ಗಾಜು, ಮಕ್ಕಳ ಡಯಾಪರ್ — ಎಲ್ಲಾ ಒಂದೇ ಚೀಲದಲ್ಲಿ. ಬೇರೆ ಮಾಡದ ಕಸ ಗೊಬ್ಬರವೂ ಆಗಲ್ಲ, ಗುಜರಿಗೂ ಹೋಗಲ್ಲ. ಕೊಳೆತು ಕಪ್ಪು ನೀರಾಗಿ ಅಂತರ್ಜಲಕ್ಕೆ ಇಳಿಯುತ್ತೆ. ಬೆಂಗಳೂರು ಇದನ್ನು ಲಾರಿಗೆ ತುಂಬಿ ಸುತ್ತಲ ಹಳ್ಳಿಗಳಿಗೆ ಕಳಿಸಿತು. ಮಾವಳ್ಳಿಪುರದ ಬಾವಿ ನೀರು ಕೆಟ್ಟಿತು. 2012ರಲ್ಲಿ ಜನ ಲಾರಿ ತಡೆದರು, ಆ ಗುಂಡಿ ಮುಚ್ಚಿತು, ರಾಜಧಾನಿಯ ಬೀದಿಗಳಲ್ಲಿ ಕಸ ಬೆಟ್ಟವಾಯಿತು. ಆಮೇಲೆ ಲಾರಿಗಳು ಮಂಡೂರಿನ ಕಡೆ ತಿರುಗಿದವು. 2014ರಲ್ಲಿ ಮಂಡೂರಿನವರೂ ರಸ್ತೆಗೆ ಕೂತರು, ಆ ವರ್ಷದ ಕೊನೆಗೆ ಅಲ್ಲೂ ನಿಂತಿತು. ಆಮೇಲೆ ಬೇರೆ ಕಲ್ಲುಗಣಿ, ಬೇರೆ ಹಳ್ಳಿ. ಹಳ್ಳಿಯಲ್ಲಿ ಊರಿನ ಹೊಲಸು ಕೇರಿಗೆ ಬರ್ತಿತ್ತು ಅಂದೆನಲ್ಲ, ಈಗ ಮಹಾನಗರದ ಮುಂದೆ ಇಡೀ ಹಳ್ಳಿಯೇ ಕೇರಿಯಾಯಿತು. ಮಾವಳ್ಳಿಪುರದ, ಮಂಡೂರಿನ ಮೇಲ್ಜಾತಿಯ ರೈತರಿಗೂ ಆ ದಿನ ಕೇರಿಯ ವಾಸನೆ ಏನು ಅಂತ ತಿಳಿದಿರಬೇಕು.

ಈ ಜಗಳದಿಂದ ಒಂದು ಒಳ್ಳೇದೂ ಆಯಿತು. ಹೈಕೋರ್ಟು ನಡುವೆ ಬಂತು. ಕಸ ಹುಟ್ಟಿದ ಮನೆಯಲ್ಲೇ ಬೇರೆಯಾಗಬೇಕು ಅಂತ 2012ರಿಂದ ಹೇಳುತ್ತಾ ಬಂದು, 2015ರ ಡಿಸೆಂಬರಿನಲ್ಲಿ ಎರಡು ಡಬ್ಬ ಒಂದು ಚೀಲದ ಆದೇಶ ಮಾಡಿತು. ಹಸಿಗೊಂದು, ಮುಟ್ಟಬಾರದ್ದಕ್ಕೊಂದು ಡಬ್ಬ, ಒಣದಕ್ಕೆ ಚೀಲ. 2016ರ ಕೇಂದ್ರ ನಿಯಮಗಳೂ ಹಾಗೇ ಹೇಳಿದವು. ಇದನ್ನು ಪರಿಸರದ ಮಾತು ಅಂತಷ್ಟೇ ನೋಡಬೇಡಿ. ನನಗೆ ಇದು ಜಾತಿ ವಿನಾಶದ ಮಾತು. ತನ್ನ ಎಂಜಲನ್ನು ತಾನೇ ಮುಟ್ಟಿ ಬೇರೆ ಮಾಡೋದನ್ನು ಈ ದೇಶದ ಮೇಲ್ಜಾತಿ ಮನೆ ಯಾವ ಕಾಲದಲ್ಲಿ ಮಾಡಿತ್ತು? ಅದಕ್ಕೇ ಅಷ್ಟು ತಕರಾರು. "ನಾವು ತೆರಿಗೆ ಕಟ್ಟಲ್ವಾ, ಅವರು ಮಾಡ್ಲಿ" ಅನ್ನೋ ಮಾತನ್ನು ಅವ್ವ ದಿನಾ ಕೇಳ್ತಾಳೆ. ಬೇರೆ ಮಾಡದ ಚೀಲದಲ್ಲಿ ಕೈಯಿಟ್ಟು ಗಾಜು ಕುಯ್ಸಿಕೊಂಡ ಗುರುತು ಅವಳ ಬಲಗೈಯಲ್ಲಿದೆ.

ಹೋರಾಟ ಸುಮ್ಮನೆ ಕೂತಿಲ್ಲ. 2022ರ ಜುಲೈ ಮೊದಲ ದಿನಗಳಲ್ಲಿ ಬೆಂಗಳೂರಿನ ಪೌರಕಾರ್ಮಿಕರು, ಬಹುಪಾಲು ಹೆಂಗಸರು, ಪೊರಕೆ ಕೆಳಗಿಟ್ಟು ನಾಲ್ಕು ದಿನ ಮುಷ್ಕರ ಕೂತರು. ಖಾಯಂ ಮಾಡಿ ಅಂದರು. ಸರ್ಕಾರ ಬಗ್ಗಿತು. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಖಾಯಂ ನೇಮಕದ ಪತ್ರ ಸಿಕ್ಕಿತು. ಜೈಲಿನ ಕಾಯ್ದೆಯಿಂದ ಇಲ್ಲಿವರೆಗೆ ನಡೆದು ಬಂದ ದಾರಿ ನೆನೆದರೆ ಇದು ದೊಡ್ಡ ಗೆಲುವು. ಆದರೆ ಕಸದ ಆಟೋ ಓಡಿಸೋರು, ಹೆಲ್ಪರುಗಳು, ಲೋಡರುಗಳು ಆ ಪಟ್ಟಿಯಲ್ಲಿರಲಿಲ್ಲ. ಮ್ಯಾನ್‌ಹೋಲಿಗೆ ಇಳಿಯೋರ ವಿಷಯ ಕೇಳಲೇಬೇಡಿ. ಸತ್ತರೆ ಹತ್ತು ಲಕ್ಷ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಮೂವತ್ತು ಲಕ್ಷ ಅಂದಿತು. ಸಾವಿನ ಬೆಲೆ ಏರಿತು, ಸಾವು ನಿಂತಿಲ್ಲ.

ಹಳ್ಳಿಗಳಲ್ಲೂ ಈಗ ಕಸದ ಗಾಡಿ ಬರ್ತಿದೆ. ಸ್ವಚ್ಛವಾಹಿನಿ ಅಂತ ಹೆಸರು. ಸ್ವಸಹಾಯ ಸಂಘದ ಹೆಂಗಸರು ಡ್ರೈವಿಂಗ್ ಕಲಿತು ಓಡಿಸ್ತಾರೆ. ಸೀರೆ ಮೇಲೆ ಕೋಟು ಹಾಕ್ಕೊಂಡು ಸ್ಟೀರಿಂಗ್ ಹಿಡಿದ ಕೇರಿಯ ಹೆಣ್ಣುಮಗಳನ್ನು ಕಂಡಾಗ ನನಗೆ ಹೆಮ್ಮೆಯಾಗುತ್ತೆ. ಆದರೆ ಪಂಚಾಯಿತಿ ಅವರಿಗೆ ಕೊಡೋದು ಸಂಬಳ ಅಲ್ಲ, ಗೌರವಧನ. ಗೌರವ ಅನ್ನೋ ಪದವನ್ನು ನಮ್ಮ ಸರ್ಕಾರ ಬಳಸೋದು ಕೂಲಿ ಕಡಿಮೆ ಕೊಡುವಾಗ. ಇಲ್ಲಿ ಎಚ್ಚರ ತಪ್ಪಿದರೆ, 1961ರಲ್ಲಿ ರದ್ದಾದ ತೋಟಿತನ ಸಂಘದ ಹೆಸರಿನಲ್ಲಿ, ಹೆಂಗಸಿನ ಹೆಗಲಿಗೆ ಮತ್ತೆ ಬರುತ್ತೆ.

ಗೆಳೆಯರೇ, ಇದರಲ್ಲಿ ಪಾಠ ಹೇಳೋ ಮೇಷ್ಟರುಗಳೂ ಇದ್ದೀರಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ ಸುದ್ದಿ ನೀವೂ ಓದಿದ್ದೀರಿ. ನಿಮ್ಮ ಶಾಲೆಯಲ್ಲಿ ಕಕ್ಕಸು ತೊಳೆಯೋಕೆ ಯಾವ ಮಕ್ಕಳನ್ನು ಕಳಿಸ್ತಾರೆ ಅಂತ ನಾಳೆ ಬೆಳಿಗ್ಗೆ ಒಮ್ಮೆ ನೋಡಿ. ಎಲ್ಲ ಮಕ್ಕಳೂ ಸರದಿ ಮೇಲೆ ತಮ್ಮ ಕ್ಲಾಸು ಗುಡಿಸಿದರೆ ಅದು ಶಿಕ್ಷಣ. ಹಾಜರಿಯಲ್ಲಿ ಜಾತಿ ನೋಡಿ ಕರೆದರೆ ಅದು ಅಜ್ಜಿಯ ಬುಟ್ಟಿ.

ಸಂಘಟನೆಯ ಗೆಳೆಯರಿಗೆ ಹೇಳೋದು ಇಷ್ಟು. ಗ್ರಾಮಸಭೆಗೆ, ವಾರ್ಡ್ ಸಮಿತಿಗೆ ಕಸ ಎತ್ತೋರು ಕೂರಬೇಕು. ಕುರ್ಚಿ ಒರೆಸೋಕೆ ಬೇಡ, ಕಸದ ಟೆಂಡರಿನ ಲೆಕ್ಕ ಕೇಳೋಕೆ ಬರಬೇಕು. ಕಸ ಹಾಕಿದೋರು ಅದನ್ನು ಮನೆಯಲ್ಲೇ ಬೇರೆ ಮಾಡಿಕೊಡಬೇಕು. ಒಂದು ಊರಿನ ಕಸ ಇನ್ನೊಂದು ಊರಿಗೆ ಹೋಗಬಾರದು. ಎತ್ತೋರಿಗೆ ಪೂರಾ ಸಂಬಳ, ಯಂತ್ರ, ಪಿಂಚಣಿ ಸಿಗಬೇಕು. ಅವರ ಮಕ್ಕಳು ಅದೇ ಕೆಲಸಕ್ಕೆ ಬರದ ಹಾಗೆ ಶಾಲೆ ಬೇಕು. ಇಷ್ಟಾದ ಮೇಲೆ 'ಸಮುದಾಯ' ಅನ್ನೋ ಮಾತನ್ನು ಸುತ್ತೋಲೆಯಲ್ಲಿ ಬರೆಯಲಿ.

ಇನ್ನೊಂದು ಕೆಲಸ ನಮ್ಮ ವಿದ್ಯಾರ್ಥಿಗಳದು. ಬಸವಲಿಂಗಪ್ಪನವರ ಆಜ್ಞೆಗೆ ಮುಂಚೆ ಬುಟ್ಟಿ ಹೊತ್ತ ಹೆಂಗಸರು ಪ್ರತಿ ಪಟ್ಟಣದ ಕೇರಿಯಲ್ಲೂ ಇನ್ನೂ ಒಬ್ಬಿಬ್ಬರಿದ್ದಾರೆ. ಎಪ್ಪತ್ತು ದಾಟಿದ್ದಾರೆ. ಹೋಗಿ ಪಕ್ಕದಲ್ಲಿ ಕೂತು ಕೇಳಿ. ಎಷ್ಟು ಮನೆ, ಎಷ್ಟು ಸಂಬಳ, ಯಾವ ಗಲ್ಲಿ, ಯಾರು ನೀರು ಕೊಟ್ಟರು, ಯಾರು ಕೊಡಲಿಲ್ಲ. ಅವರು ಹೇಳಿದ ಹಾಗೇ ಬರೆದುಕೊಳ್ಳಿ, ಭಾಷೆ ತಿದ್ದಬೇಡಿ. ಒಳಗಿಂದ ಯಾರಾದರೂ ಗದರಿದರೂ ಏಳಬೇಡಿ. ನಾನು ಅವತ್ತು ಎದ್ದು ಬಂದುಬಿಟ್ಟೆ. ಮತ್ತೆ ಕೇಳೋಣ ಅಂದ್ಕೊಳ್ಳೋ ಹೊತ್ತಿಗೆ ಅಜ್ಜಿ ಇರಲಿಲ್ಲ.